ತುಕ್ಕಿನ ಮೇಲೆ ಬರೆದ ದನಿ

ಅಕ್ಷರದ ಇತಿಹಾಸ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕಲ್ಲಿನ ಮೇಲೆ ಕೊರೆದದ್ದು, ತಾಮ್ರದ ತಗಡಿನ ಮೇಲೆ ಬರೆದದ್ದು, ತಾಳೆಗರಿಯ ಮೇಲೆ ಗೀರಿದ್ದು, ಕಾಗದದ ಮೇಲೆ ಅಚ್ಚೊತ್ತಿದ್ದು, ಎಲ್ಲಕ್ಕೂ ಚರಿತ್ರೆ ಉಂಟು, ಎಲ್ಲಕ್ಕೂ ಪಂಡಿತರುಂಟು. ಆದರೆ ಓದು ಬರಹ ಗೊತ್ತಿಲ್ಲದವರ ಮಾತನ್ನು ಹಿಡಿದಿಟ್ಟ ಹಾಳೆಯೊಂದಿದೆ. ಅದರ ಚರಿತ್ರೆಯನ್ನು ನಮಗೆ ಯಾವ ಮೇಷ್ಟರೂ ಹೇಳಲಿಲ್ಲ. ಅದು ಟೇಪು. ಕ್ಯಾಸೆಟ್ಟಿನೊಳಗೆ ಸುತ್ತಿಕೊಂಡಿರುವ ಆ ಕಂದು ಪಟ್ಟಿ.

ನಮ್ಮಂಥವರ ಎಷ್ಟೋ ಮನೆಗಳಿಗೆ ಪುಸ್ತಕಕ್ಕಿಂತ ಮೊದಲು ಬಂದದ್ದು ಈ ಪಟ್ಟಿ. ಅಜ್ಜಿಯ ಸೋಬಾನೆ ಪದ, ರಾತ್ರಿಯಿಡೀ ನಡೆದ ಕತೆ, ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಹಾಡಿದ ಹಾಡು, ಇವೆಲ್ಲ ಅಚ್ಚಾಗಲಿಲ್ಲ. ಅಚ್ಚು ಮಾಡೋರು ಯಾರೂ ಇರಲಿಲ್ಲ. ಅವು ಟೇಪಾದವು. ಈಗ ಆ ಟೇಪುಗಳು ಒಂದೊಂದಾಗಿ ಸಾಯುತ್ತಿವೆ. ಯಾಕೆ ಸಾಯ್ತಿವೆ ಅಂತ ತಿಳೀಬೇಕಾದ್ರೆ ಹೇಗೆ ಹುಟ್ಟಿದವು ಅಂತ ತಿಳೀಬೇಕು.

ಟೇಪಿನ ಕತೆಯನ್ನು ಯಂತ್ರದ ಕತೆಯಾಗಿ ಹೇಳೋದು ವಾಡಿಕೆ. ಆದರೆ ದನಿ ಇರೋದು ಯಂತ್ರದಲ್ಲಲ್ಲ. ಅದು ಇರೋದು ಪಟ್ಟಿಯ ಮೈಮೇಲೆ, ಕ್ಯಾಸೆಟ್ಟಿನಲ್ಲಾದರೆ ಸುಮಾರು 5 ಮೈಕ್ರಾನ್ ದಪ್ಪದ ಒಂದು ಪದರದಲ್ಲಿ. ಒಂದು ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ಹತ್ತನೇ ಒಂದು ಪಾಲಿಗೂ ಕಡಿಮೆ ದಪ್ಪದ ಈ ಬಳಿತವೇ ಟೇಪಿನ ಜೀವ. ಈ ಬಳಿತದ ಚರಿತ್ರೆಯನ್ನೇ ನಾವಿಲ್ಲಿ ಹೇಳಹೊರಟಿದ್ದೇವೆ.

ಅಯಸ್ಕಾಂತದ ಬಲದಿಂದ ಮಾತು ಹಿಡಿಯಬಹುದು ಅನ್ನೋ ವಿಚಾರ ಅಚ್ಚಾದದ್ದು 1888ರಲ್ಲಿ. ಅಮೆರಿಕದ ಆಬರ್ಲಿನ್ ಸ್ಮಿತ್ ಎಂಬ ಎಂಜಿನಿಯರು ಹತ್ತಿ ಇಲ್ಲವೆ ರೇಷ್ಮೆ ದಾರದಲ್ಲಿ ಉಕ್ಕಿನ ಪುಡಿ ಸೇರಿಸಿದರೆ ಸಾಕು ಅಂತ ಬರೆದ. ಹತ್ತು ವರ್ಷದ ಮೇಲೆ, 1898ರಲ್ಲಿ, ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ದಾರದ ಬದಲು ಉಕ್ಕಿನ ತಂತಿ ಇಟ್ಟು ಕೆಲಸ ಮಾಡುವ ಯಂತ್ರವನ್ನೇ ಕಟ್ಟಿ ಹಕ್ಕುಪತ್ರ ಪಡೆದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫ್ ಅದರ ಮುಂದೆ ಮಾತಾಡಿದ. ಅಯಸ್ಕಾಂತದ ದಾಖಲೆಗಳಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯ ದನಿ ಅದೇ. ಚರಿತ್ರೆ ಎಲ್ಲಿ ಶುರುವಾದರೂ ಮೊದಲು ಉಳಿಯೋದು ಚಕ್ರವರ್ತಿಯ ದನಿಯೇ ನೋಡಿ!

ತಂತಿ ತಿರುಚಿಕೊಳ್ಳುತ್ತಿತ್ತು, ಸಿಕ್ಕಾಗುತ್ತಿತ್ತು. ಆಮೇಲೆ ಬಂದ ಉಕ್ಕಿನ ಪಟ್ಟಿ ಭಾರ, ದುಬಾರಿ. ತುಂಡಾದರೆ ಬೆಸುಗೆ ಹಾಕಬೇಕು. ಅಂಥದ್ದನ್ನು ಇಟ್ಟುಕೊಳ್ಳೋ ತಾಕತ್ತು ಸರ್ಕಾರಗಳಿಗೆ, ರೇಡಿಯೊ ಕಂಪನಿಗಳಿಗೆ ಮಾತ್ರ ಇತ್ತು. ಉಕ್ಕಿನಿಂದ ಬಿಡಿಸಿಕೊಳ್ಳದ ಹೊರತು ದನಿ ಬಡವರ ಮನೆಗೆ ಬರೋ ಹಾಗಿರಲಿಲ್ಲ.

ಬಿಡಿಸಿದ ಉಪಾಯ ಹುಟ್ಟಿದ್ದು ಸಿಗರೇಟಿನ ತುದಿಯಲ್ಲಿ! ಜರ್ಮನಿಯ ಡ್ರೆಸ್ಡೆನ್ ಊರಿನಲ್ಲಿ ಫ್ರಿಟ್ಜ್ ಫ್ಲಾಯ್ಮರ್ ಎಂಬಾತನಿದ್ದ. ಆ ಕಾಲದಲ್ಲಿ ಸಾಹುಕಾರರು ಸೇದುವ ಸಿಗರೇಟಿನ ತುದಿಗೆ ಚಿನ್ನದ ರೇಕು ಅಂಟಿಸುತ್ತಿದ್ದರು. ಅಷ್ಟು ಖರ್ಚು ಯಾಕೆ, ಕಂಚಿನ ಪುಡಿಯನ್ನು ಕಾಗದಕ್ಕೆ ಅಂಟಿಸಿದರೂ ಅದೇ ಥಳುಕು ಬರುತ್ತೆ ಅಂತ ಈತ ಮಾಡಿ ತೋರಿಸಿದ. ಆಮೇಲೆ ಯೋಚಿಸಿದ: ಕಂಚಿನ ಪುಡಿ ಕಾಗದಕ್ಕೆ ಅಂಟೋದಾದರೆ ಕಬ್ಬಿಣದ ಪುಡಿ ಯಾಕೆ ಅಂಟಬಾರದು? 1928ರಲ್ಲಿ ಕಬ್ಬಿಣದ ಪುಡಿ ಬಳಿದ ಕಾಗದದ ಪಟ್ಟಿಗೆ ಹಕ್ಕುಪತ್ರ ಪಡೆದ. ಅದನ್ನು ಕತ್ತರಿಯಲ್ಲಿ ಕತ್ತರಿಸಬಹುದಿತ್ತು, ಅಂಟು ಹಾಕಿ ಕೂಡಿಸಬಹುದಿತ್ತು. ಕಾಗದ ಬೇಗ ಹರಿಯುತ್ತಿತ್ತು, ಸದ್ದು ಒರಟಾಗಿತ್ತು. ಆದರೆ ದಾರಿ ಸಿಕ್ಕಿತ್ತು. ಈ ಹಕ್ಕುಪತ್ರವೂ ಅವನ ಕೈಯಲ್ಲಿ ಉಳಿಯಲಿಲ್ಲ. ಮೂಲ ವಿಚಾರ ಪೌಲ್ಸೆನ್ನನ ಹಳೆ ಪತ್ರದಲ್ಲೇ ಇದೆ ಅಂತ 1936ರಲ್ಲಿ ಜರ್ಮನ್ ನ್ಯಾಯಾಲಯ ಅದನ್ನು ರದ್ದು ಮಾಡಿತು.

ಅಷ್ಟರಲ್ಲಿ ದೊಡ್ಡವರು ಕೈ ಹಾಕಿಯಾಗಿತ್ತು. 1932ರಲ್ಲಿ ಎಇಜಿ ಎಂಬ ವಿದ್ಯುತ್ ಕಂಪನಿ ಯಂತ್ರದ ಕೆಲಸ ಹಿಡಿಯಿತು. ಪಟ್ಟಿಯ ಕೆಲಸ ಲುಡ್ವಿಗ್ಸ್‌ಹಾಫೆನ್ನಿನ ಬಿಎಎಸ್‌ಎಫ್ ಕಾರ್ಖಾನೆಗೆ ಹೋಯಿತು. ಈ ಕಾರ್ಖಾನೆ ಆಗ ಐ.ಜಿ. ಫಾರ್ಬೆನ್ ಅನ್ನುವ ಭಾರೀ ರಾಸಾಯನಿಕ ಕೂಟದ ಭಾಗ. ಅಲ್ಲಿನ ಫ್ರೀಡ್ರಿಶ್ ಮತಿಯಾಸ್ ಎಂಬ ರಸಾಯನಶಾಸ್ತ್ರಜ್ಞನ ಉಸ್ತುವಾರಿಯಲ್ಲಿ ಕಾಗದ ಹೋಗಿ ಸೆಲ್ಯುಲೋಸ್ ಅಸಿಟೇಟ್ ಹಾಳೆ ಬಂತು. ಟೆಲಿಫೋನ್ ಸುರುಳಿಗಳಿಗಾಗಿ ಆ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ನುಣ್ಣನೆಯ ಕಬ್ಬಿಣದ ಪುಡಿಯನ್ನು ಅದರ ಮೇಲೆ ಬಳಿದರು. 1934ರಲ್ಲಿ ಮೊದಲ 50,000 ಮೀಟರ್ ಪಟ್ಟಿ ಹೊರಬಂತು. 1935ರಲ್ಲಿ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. 1936ರ ನವೆಂಬರ್ 19ರಂದು ಲುಡ್ವಿಗ್ಸ್‌ಹಾಫೆನ್ನಿನಲ್ಲೇ ಥಾಮಸ್ ಬೀಚಮ್ ನಡೆಸಿಕೊಟ್ಟ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯಗೋಷ್ಠಿಯನ್ನು ಟೇಪಿನ ಮೇಲೆ ಹಿಡಿದರು.

ಈ ವರ್ಷಗಳಲ್ಲಿ ಪಟ್ಟಿಯ ಬಣ್ಣವೇ ಬದಲಾಯಿತು. ಶುದ್ಧ ಕಬ್ಬಿಣದ ಪುಡಿ ಹಿಡಿದದ್ದನ್ನು ಗಟ್ಟಿಯಾಗಿ ಉಳಿಸಿಕೊಳ್ಳುತ್ತಿರಲಿಲ್ಲ. 1936ರಿಂದ ಕಪ್ಪು ಬಣ್ಣದ ಮ್ಯಾಗ್ನೆಟೈಟ್ ಬಂತು. 1939ರ ಹೊತ್ತಿಗೆ ಕಂದು ಬಣ್ಣದ ಗ್ಯಾಮಾ ಫೆರಿಕ್ ಆಕ್ಸೈಡು ಬಂತು. ಇದು ತುಕ್ಕಿನ ಒಡಹುಟ್ಟು. ಆಗಲೇ ತುಕ್ಕಾದದ್ದು ಮತ್ತೆ ತುಕ್ಕು ಹಿಡಿಯೋದಿಲ್ಲ, ಅದೇ ಅದರ ದೊಡ್ಡ ಗುಣ. ಲೋಕ ಕೆರೆದು ಬಿಸಾಡುವ ತುಕ್ಕಿನ ಬಳಗ ದನಿ ಕಾಯುವ ಕೆಲಸಕ್ಕೆ ಬಂದದ್ದು ಹೀಗೆ.

ಇಲ್ಲಿ ಒಂದು ಮಾತನ್ನು ನುಂಗಿಕೊಂಡು ಮುಂದೆ ಹೋಗೋಕಾಗಲ್ಲ. ಇದೇ ಐ.ಜಿ. ಫಾರ್ಬೆನ್ ಕೂಟ ಆಶ್‌ವಿಟ್ಜ್‌ನಲ್ಲಿ ಕೃತಕ ರಬ್ಬರಿನ ಕಾರ್ಖಾನೆ ಕಟ್ಟಿಸಲು ಸೆರೆಯಾಳುಗಳನ್ನು ದುಡಿಸಿತು. ಅವರನ್ನಿಡಲು 1942ರಲ್ಲಿ ಮೊನೊವಿಟ್ಜ್ ಶಿಬಿರ ಎದ್ದಿತು. ದುಡಿಯಲಾರದವರನ್ನು ಕೊಲ್ಲೋಕೆ ಕಳಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನಲ್ಲಿ ವಿಚಾರಣೆ ನಡೆದು 1948ರಲ್ಲಿ ಕೂಟದ 13 ಜನ ತಪ್ಪಿತಸ್ಥರೆಂದು ತೀರ್ಪಾಯಿತು. ಸಿಕ್ಕ ಅತಿ ದೊಡ್ಡ ಶಿಕ್ಷೆ ಎಂಟು ವರ್ಷ! ಟೇಪು ಆಶ್‌ವಿಟ್ಜ್‌ನಲ್ಲಿ ತಯಾರಾಗಲಿಲ್ಲ, ನಿಜ. ಆದರೆ ಪಟ್ಟಿಗೆ ಪುಡಿ ಬಳಿದ ಧಣಿಯೂ, ಮನುಷ್ಯರನ್ನು ಪುಡಿ ಮಾಡಿದ ಧಣಿಯೂ ಒಬ್ಬನೇ. 1938ರಿಂದ ಜರ್ಮನ್ ರೇಡಿಯೊ ಈ ಯಂತ್ರಗಳನ್ನು ಬಳಸಿತು. ನಾಜಿಗಳ ಭಾಷಣವನ್ನೂ ಈ ಪಟ್ಟಿ ಹೊತ್ತಿತು, ಬೀಥೋವನ್ನನ ಸಂಗೀತವನ್ನೂ ಹೊತ್ತಿತು. ಮೇಲ್ಮೈಗೆ ಪಕ್ಷವಿಲ್ಲ. ಯಾರ ಕೈಯಲ್ಲಿದೆಯೋ ಅವರದ್ದು.

ಕೈ ಬದಲಾದರೆ ಏನಾಗುತ್ತೆ ಅನ್ನೋದಕ್ಕೂ ಅದೇ ಕಾಲದಲ್ಲಿ ಸಾಕ್ಷಿಯಿದೆ. 1946ರಲ್ಲಿ ಡೇವಿಡ್ ಬೋಡರ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕ ಶಿಕಾಗೊದಿಂದ ಯೂರೋಪಿಗೆ ಒಂದು ತಂತಿ ರೆಕಾರ್ಡರ್ ಹೊತ್ತು ಹೋದ. ಶಿಬಿರಗಳಿಂದ ಬದುಕಿ ಬಂದ ನೂರಕ್ಕೂ ಹೆಚ್ಚು ಜನರನ್ನು ಅವರವರ ನುಡಿಯಲ್ಲೇ ಮಾತಾಡಿಸಿದ. ಪತ್ರಿಕೆಗಳು ಆ ಜನರ ಪಟ ಹಾಕಿದ್ದವು. ದನಿ ಹಿಡಿದವನು ಈತ. ಆ ತಂತಿ ಯಂತ್ರವನ್ನು ರೂಪಿಸಿದ ಮಾರ್ವಿನ್ ಕ್ಯಾಮ್ರಾಸ್ ಎಂಬಾತನೇ ಮುಂದೆ ಟೇಪಿನ ಪುಡಿಯ ಕಣಗಳು ಸೂಜಿಯ ಆಕಾರದಲ್ಲಿರಬೇಕು ಅನ್ನೋ ಕೆಲಸದಲ್ಲೂ ದೊಡ್ಡ ಪಾಲು ಪಡೆದ.

ಯುದ್ಧದಲ್ಲಿ ಗೆದ್ದವರು ಜರ್ಮನಿಯ ಹಕ್ಕುಪತ್ರಗಳನ್ನು ತಮ್ಮದು ಮಾಡಿಕೊಂಡರು. ಜ್ಯಾಕ್ ಮಲ್ಲಿನ್ ಎಂಬ ಅಮೆರಿಕದ ಸೈನಿಕ ಎರಡು ಯಂತ್ರ, ಐವತ್ತು ಸುರುಳಿ ಟೇಪನ್ನು ಊರಿಗೆ ಸಾಗಿಸಿ 1946ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನುಡಿಸಿ ತೋರಿಸಿದ. ಅಮೆರಿಕದಲ್ಲಿ ಟೇಪು ಮಾಡಿ ಹೆಸರಾದ ಕಂಪನಿ 3ಎಂ. ಅದರ ಮೂಲ ಕಸುಬು ಏನು ಗೊತ್ತೇ? ಮರ ಉಜ್ಜುವ ಉಪ್ಪು ಕಾಗದ. ಪುಡಿಯನ್ನು ಹಾಳೆಗೆ ಸಮನಾಗಿ ಅಂಟಿಸೋದು ಅವರಿಗೆ ಮೊದಲೇ ಗೊತ್ತಿತ್ತು. ಜಪಾನಿನಲ್ಲಿ ಆಗ ತಾನೆ ಹುಟ್ಟಿದ್ದ, ಮುಂದೆ ಸೋನಿ ಎಂದು ಹೆಸರಾದ ಕಂಪನಿಯಲ್ಲಿ ಪ್ಲಾಸ್ಟಿಕ್ ಹಾಳೆಯೂ ಇರಲಿಲ್ಲ, ಪುಡಿಯೂ ಇರಲಿಲ್ಲ. ಅವರು ಕಬ್ಬಿಣದ ಆಕ್ಸಲೇಟನ್ನು ಅಡುಗೆಯ ಬಾಣಲೆಯಲ್ಲಿ ಹುರಿದು, ಬಣ್ಣ ತಿರುಗಿದಾಗ ಇಳಿಸಿ, ಅಂಟಿನಲ್ಲಿ ಕಲಸಿ, ಕೂದಲಿನ ಕುಂಚದಿಂದ ಕಾಗದದ ಮೇಲೆ ಕೈಯಾರೆ ಬಳಿದರು. 1950ರಲ್ಲಿ ಅವರ ಮೊದಲ ಯಂತ್ರ ಮಾರುಕಟ್ಟೆಗೆ ಬಂತು. ಸಿಗರೇಟಿನ ಥಳುಕು, ಉಪ್ಪು ಕಾಗದ, ಹುರಿಯುವ ಬಾಣಲೆ: ಟೇಪಿನ ವಿದ್ಯೆ ಬಂದದ್ದು ಪಂಡಿತರ ತಲೆಯಿಂದ ಮಾತ್ರ ಅಲ್ಲ. ಬಳಿಯುವ, ಉಜ್ಜುವ, ಹುರಿಯುವ ಕೈಗಳಿಂದಲೂ ಬಂತು.

ಈಗ ಕಾರ್ಖಾನೆಯ ಒಳಗೆ ಹೋಗೋಣ. ಕ್ಯಾಸೆಟ್ಟಿನ ಕಾಲದ ಟೇಪು ಹೇಗೆ ತಯಾರಾಗುತ್ತಿತ್ತು?

ಶುರುವಾಗೋದು ಕಬ್ಬಿಣದ ಸಲ್ಫೇಟಿನಿಂದ. ಅದಕ್ಕೆ ಕ್ಷಾರ ಸೇರಿಸಿ ಗಾಳಿ ಊದಿದರೆ ಹಳದಿ ಪುಡಿ ತಳಕ್ಕಿಳಿಯುತ್ತೆ. ಅದರ ಕಣಗಳು ಸಣ್ಣ ಸೂಜಿಗಳು, ಸುಮಾರು ಅರ್ಧ ಮೈಕ್ರಾನ್ ಉದ್ದ. ಅದನ್ನು ಕಾಯಿಸಿ ನೀರಿನಂಶ ತೆಗೆದರೆ ಕೆಂಪಾಗುತ್ತೆ. ಜಲಜನಕದಲ್ಲಿ ಕಾಯಿಸಿದರೆ ಕಪ್ಪಾಗುತ್ತೆ. ಮತ್ತೆ ಹುಷಾರಾಗಿ ಗಾಳಿ ತೋರಿಸಿದರೆ ಕಂದು. ಹಳದಿ, ಕೆಂಪು, ಕಪ್ಪು, ಕಂದು, ನಾಲ್ಕು ಬಣ್ಣ ದಾಟುವಾಗಲೂ ಸೂಜಿಯ ಆಕಾರ ಕೆಡಬಾರದು. ಬೆಂಕಿ ಹೆಚ್ಚಾದರೆ ತಿರುಗಿ ಕೆಂಪಿಗೆ ಹೋಗುತ್ತೆ, ಅಯಸ್ಕಾಂತದ ಗುಣವೇ ಸತ್ತುಹೋಗುತ್ತೆ.

ಆಮೇಲೆ ಅರೆಯುವ ಕೆಲಸ. ಪುಡಿ, ಅಂಟು, ಅಂಟನ್ನು ಕರಗಿಸುವ ಟಾಲ್ಯೂಯೀನ್‌ನಂಥ ದ್ರಾವಣ, ಪುಡಿ ಗಂಟು ಕಟ್ಟದಂತೆ ಸೋಯಾದಿಂದ ತೆಗೆದ ಲೆಸಿಥಿನ್, ಜಾರಲು ಜಿಡ್ಡಿನ ಅಂಶ, ಎಲ್ಲವನ್ನೂ ಗುಂಡುಗಳಿರುವ ಪೀಪಾಯಿಗೆ ಹಾಕಿ ಗಂಟೆಗಟ್ಟಲೆ, ದಿನಗಟ್ಟಲೆ ಉರುಳಿಸುತ್ತಿದ್ದರು. ಕಡಿಮೆ ಅರೆದರೆ ಗಂಟು ಉಳಿದು ಗೊರಗೊರ ಸದ್ದು. ಹೆಚ್ಚು ಅರೆದರೆ ಸೂಜಿಗಳು ಮುರಿದು, ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಸೋರುತ್ತೆ. ಒರಳಲ್ಲಿ ಅರೆದು ಗೊತ್ತಿರುವ ನಮ್ಮ ಹೆಂಗಸರಿಗೆ ಈ ಹದ ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾದ ಬಗ್ಗಡವನ್ನು ಸೋಸಿ, ಓಡುತ್ತಿರುವ ಅಗಲವಾದ ಪಾಲಿಯೆಸ್ಟರ್ ಹಾಳೆಯ ಮೇಲೆ ಸಾರಿಸುತ್ತಾರೆ. ಅಂಗಳ ಸಾರಿಸಿದ ಹಾಗೇ, ಎಲ್ಲೂ ದಪ್ಪವಿರಬಾರದು, ಎಲ್ಲೂ ಬಿಟ್ಟುಹೋಗಬಾರದು. ಬಳಿತ ಹಸಿಯಿರುವಾಗಲೇ ಹಾಳೆ ಅಯಸ್ಕಾಂತಗಳ ನಡುವೆ ಹಾಯುತ್ತೆ. ದಿಕ್ಕುದಿಕ್ಕಿಗೆ ಬಿದ್ದಿದ್ದ ಸೂಜಿಗಳು ಟೇಪಿನ ಉದ್ದಕ್ಕೂ ಸಾಲಾಗಿ ಮಲಗುತ್ತವೆ, ಗಾಳಿಗೆ ರಾಗಿಯ ಪೈರು ಒಂದೇ ಕಡೆ ಬಾಗಿದಂತೆ. ಒಲೆಯಲ್ಲಿ ಒಣಗಿದ ಮೇಲೆ ಬಿಸಿ ಉರುಳೆಗಳ ನಡುವೆ ಒತ್ತಿ ಇಸ್ತ್ರಿ ಮಾಡಿದಂತೆ ನುಣುಪು ಮಾಡುತ್ತಾರೆ. ಕೊನೆಗೆ 3.81 ಮಿಲಿಮೀಟರ್ ಅಗಲಕ್ಕೆ ಸೀಳಿ ಸುತ್ತುತ್ತಾರೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಸುಮಾರು 86 ಮೀಟರ್ ಬೇಕು.

ಆ ದ್ರಾವಣದ ಆವಿ ತಲೆ ಸುತ್ತಿಸುವಂಥದ್ದು, ಕಿಡಿ ತಾಗಿದರೆ ಸ್ಫೋಟಿಸುವಂಥದ್ದು. ಕ್ಯಾಸೆಟ್ಟಿನ ಮೇಲೆ ಕಂಪನಿಯ ಹೆಸರಿತ್ತು, ಹಾಡಿದವರ ಪಟವಿತ್ತು. ಪೀಪಾಯಿ ತಿರುಗಿಸಿದವರ ಹೆಸರು, ಅಲಗಿನ ಮುಂದೆ ನಿಂತು ಸೀಳಿದವರ ಹೆಸರು ಎಲ್ಲೂ ಇರಲಿಲ್ಲ.

ಅಷ್ಟು ನುಣುಪು ಯಾಕೆ ಬೇಕು? ಈ ಪ್ರಶ್ನೆಗೆ 1951ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಾಲೇಸ್ ಎಂಬಾತ ಲೆಕ್ಕ ಹಾಕಿ ಉತ್ತರ ಕೊಟ್ಟ. ಟೇಪಿನ ಮೇಲೆ ಪ್ರತಿ ಸ್ವರಕ್ಕೂ ಒಂದು ಅಲೆಯ ಉದ್ದವಿದೆ. ಓದುವ ಹೆಡ್ಡು ಮತ್ತು ಟೇಪಿನ ನಡುವೆ ಆ ಅಲೆಯಷ್ಟೇ ದೂರ ಬಿದ್ದರೆ ಸದ್ದು 55 ಡೆಸಿಬೆಲ್ ಇಳಿದುಹೋಗುತ್ತೆ, ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ. ಸೆಕೆಂಡಿಗೆ ಹತ್ತು ಸಾವಿರ ಸಲ ಕಂಪಿಸುವ ಸ್ವರದ ಅಲೆ ಅದರ ಮೇಲೆ 4.76 ಮೈಕ್ರಾನ್ ಮಾತ್ರ. ಒಂದೇ ಒಂದು ಮೈಕ್ರಾನ್ ಧೂಳು ನಡುವೆ ನಿಂತರೆ ಆ ಸ್ವರ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬೀಳುತ್ತೆ. ತಗ್ಗಿನ ಸ್ವರದ ಅಲೆ ಉದ್ದವಾದ್ದರಿಂದ ಅದಕ್ಕೆ ಅಷ್ಟು ಪೆಟ್ಟಿಲ್ಲ. ಅಂದರೆ ಟೇಪು ಕೊಳೆಯಾದಾಗ ಡೋಲಿನ ಗುಮ್ಮೆನ್ನುವ ಸದ್ದು ಉಳಿಯುತ್ತೆ, ಮಾತಿನ ಸಕಾರ, ಶಕಾರ, ಚಕಾರ ಮೊದಲು ಹೋಗುತ್ತವೆ. ಗದ್ದಲ ಉಳಿದು ಮಾತು ಸಾಯುತ್ತೆ. ಮೈಗೆ ಮೈ ತಾಗಿದರೆ ಮಾತ್ರ ಇಲ್ಲಿ ದನಿ. ದೂರ ನಿಲ್ಲಿಸಿದರೆ ದನಿಯಿಲ್ಲ. ಮುಟ್ಟು, ಮುಟ್ಟಬೇಡ ಅನ್ನುವ ಮಾತು ಕೇಳಿ ಬೆಳೆದ ನಾಡಿನಲ್ಲಿ ಈ ಲೆಕ್ಕ ಬೇಗ ಅರ್ಥವಾದೀತು.

ಹಾಗಂತ ಕನ್ನಡಿಯಷ್ಟು ನುಣುಪಾದರೂ ಕಷ್ಟ. ಅತಿ ನುಣುಪಾದ ಮೈಗಳು ಒಂದಕ್ಕೊಂದು ಕಚ್ಚಿಕೊಂಡು ಟೇಪು ಓಡದೆ ಕಿರುಚುತ್ತೆ. ಅದಕ್ಕೇ ಬಳಿತದಲ್ಲಿ ಜಿಡ್ಡಿನಂಶ ಬೇಕು. ಮೈಯಲ್ಲಿ ಎಲ್ಲೋ ಒಂದಿಷ್ಟು ಒರಟು ಉಳಿಯಬೇಕು. ಹೆಡ್ಡನ್ನು ಉಜ್ಜಿ ಚೊಕ್ಕಟ ಮಾಡಲು ಕೆಲವು ಟೇಪುಗಳಲ್ಲಿ ಗಟ್ಟಿ ಅಲ್ಯೂಮಿನಾ ಹರಳುಗಳನ್ನೂ ಬೆರೆಸುತ್ತಿದ್ದರು. ಈ ಹದ ಹುಡುಕುವುದರಲ್ಲೇ ಕಂಪನಿಗಳು ದಶಕಗಳನ್ನು ಕಳೆದವು.

1963ರಲ್ಲಿ ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ತಂಡ ಬೆಲ್ಜಿಯಂನ ಹಾಸೆಲ್ಟಿನಲ್ಲಿ ರೂಪಿಸಿದ ಪುಟ್ಟ ಕ್ಯಾಸೆಟ್ಟನ್ನು ಬರ್ಲಿನ್ನಿನಲ್ಲಿ ಹೊರತಂದಿತು. ಫಿಲಿಪ್ಸ್ ಮುಂದೆ ಈ ಮಾದರಿಯನ್ನು ಬೇರೆ ತಯಾರಕರಿಗೂ ಶುಲ್ಕವಿಲ್ಲದೆ ಬಿಟ್ಟುಕೊಟ್ಟಿತು. ಅದರಿಂದ ಯಾವ ದೇಶದ ಕ್ಯಾಸೆಟ್ಟಾದರೂ ಯಾವ ದೇಶದ ಯಂತ್ರದಲ್ಲೂ ಓಡಿತು. ಚಕ್ರವರ್ತಿಯಿಂದ ಶುರುವಾದ ಪಟ್ಟಿ ಕೊನೆಗೂ ಸಂತೆಗೆ ಬಂತು. ಕನ್ನಡದಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೆ ಹೋಯಿತು. 1980ರ ದಶಕದಲ್ಲಿ ಇಂಡಿಯಾದ ತುಂಬ ಸಣ್ಣ ಸಣ್ಣ ಕ್ಯಾಸೆಟ್ ಕಂಪನಿಗಳು ಹುಟ್ಟಿ, ಗ್ರಾಮಫೋನಿನ ದೊಡ್ಡ ಕಂಪನಿಯೊಂದರ ಏಕಸ್ವಾಮ್ಯ ಮುರಿದವು.

ಮಾರಲು ಮಾಡಿದ ಕ್ಯಾಸೆಟ್ಟಿಗಿಂತ ಉಳಿಸಲು ಮಾಡಿದ ಟೇಪು ನಮಗೆ ಹೆಚ್ಚು. 1990ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಗೋಪಾಲ ನಾಯ್ಕ ಎಂಬ ಕೃಷಿಕ ಹಾಡುಗಾರ ತುಳುವಿನ ಸಿರಿ ಕಾವ್ಯವನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ ಅವರ ಜೊತೆ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರಿದ್ದ ತಂಡ ಅದನ್ನು ಟೇಪಿನ ಮೇಲೆ, ವಿಡಿಯೊದ ಮೇಲೆ ಹಿಡಿಯಿತು. 1998ರಲ್ಲಿ ಅಚ್ಚಾದಾಗ 15,683 ಸಾಲು! ಒಬ್ಬ ಮನುಷ್ಯನ ನಾಲಗೆಯ ಮೇಲಿದ್ದ ಕಾವ್ಯ. ತುಕ್ಕಿನ ಬಳಿತ ಇಲ್ಲದಿದ್ದರೆ ಯಾವ ಲೇಖನಿ ಆ ಹಾಡಿನ ಹಿಂದೆ ಓಡಿ ಹಿಡಿಯುತ್ತಿತ್ತು?

ಅಲ್ಲಿ ತಂಡವಿತ್ತು, ವಿಶ್ವವಿದ್ಯಾಲಯವಿತ್ತು, ಕಪಾಟಿತ್ತು. ನಮ್ಮ ಹಟ್ಟಿಗಳ ಟೇಪು ಟ್ರಂಕಿನಲ್ಲಿದೆ, ಅಟ್ಟದ ಮೇಲಿದೆ. ಅದರ ಶತ್ರು ಯಾರು? ಬಳಿತದೊಳಗಿನ ಅಂಟೇ. ಪುಡಿ ಗಟ್ಟಿ, ಅದು ಆಗಲೇ ತುಕ್ಕಾದದ್ದು. ಪಾಲಿಯೆಸ್ಟರ್ ಹಾಳೆ ಗಟ್ಟಿ. ಇವೆರಡನ್ನೂ ಹಿಡಿದಿರುವ ಅಂಟು ಗಾಳಿಯ ತೇವ ಕುಡಿದು ಒಡೆಯುತ್ತೆ. 1970-80ರ ದಶಕದ ಕೆಲವು ದೊಡ್ಡ ಸುರುಳಿ ಟೇಪುಗಳು ಹೀಗೆ ಜಿಗುಟಾಗಿ, ನುಡಿಸಿದರೆ ಕಂದು ಕೆಸರಾಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತವೆ. ತಿಳಿದವರು ಅವನ್ನು 50 ಡಿಗ್ರಿ ದಾಟಿದ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಕೆಲವು ವಾರಗಳ ಜೀವ ಕೊಟ್ಟು, ಅಷ್ಟರಲ್ಲಿ ನಕಲು ಮಾಡಿಕೊಳ್ಳುತ್ತಾರೆ. ಹಳೆಯ ಅಸಿಟೇಟ್ ಟೇಪಿಗೆ ಬೇರೆ ರೋಗ. ಅದು ಹುಳಿ ವಾಸನೆ ಹೊಡೆದು ಮುರುಟುತ್ತೆ. ಅದನ್ನು ಬಿಸಿ ಮಾಡಲೇಬಾರದು.

ಟೇಪು ಉಳಿದರೂ ಓದುವ ಯಂತ್ರ ಉಳಿಯಬೇಕಲ್ಲ? 2019ರಲ್ಲಿ ಯುನೆಸ್ಕೋದ ಕಾರ್ಯಕ್ರಮವೊಂದು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ ಇದೇ ಎಚ್ಚರಿಕೆ ಕೊಟ್ಟಿತು: ಯಂತ್ರಗಳೂ ಬಿಡಿಭಾಗಗಳೂ ಮುಗಿಯುತ್ತಿವೆ, 2025ರ ಹೊತ್ತಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತೆ ಅಂತ. ಆ ವರ್ಷ ಬಂದೇಬಿಟ್ಟಿತು.

ಆದ್ದರಿಂದ ಗೆಳೆಯರೆ, ಹಳ್ಳಿಯ ಮೇಷ್ಟರೆ, ಕಾಲೇಜಿನ ತಮ್ಮಂದಿರೆ ತಂಗಿಯರೆ, ಕೆಲಸ ಇಷ್ಟಿದೆ. ಹಾಡು ಹಿಡಿದ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಆಗ ಅದರ ಮೇಲೆ ಬೇರೆ ಯಾರೂ ಸಿನಿಮಾ ಹಾಡು ತುಂಬಲಾರರು. ಸ್ಪೀಕರಿನ ಪಕ್ಕ ಇಡಬೇಡಿ, ಅದರೊಳಗೆ ಅಯಸ್ಕಾಂತವಿದೆ. ತೇವವಿಲ್ಲದ ತಂಪು ಜಾಗದಲ್ಲಿ ನಿಲ್ಲಿಸಿಡಿ. ಬೂಷ್ಟು ಹಿಡಿದಿದ್ದರೆ, ಕಿರುಚಿದರೆ, ಕಂದು ಕೆಸರು ಬಿಟ್ಟರೆ ತಕ್ಷಣ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಬಿದ್ದುಹೋಗಿದ್ದರೆ ದನಿ ಸತ್ತಿದೆ ಅಂತ ಬಿಸಾಡಬೇಡಿ. ಮುಟ್ಟುವುದೊಂದು ತಪ್ಪಿದೆ, ಅಷ್ಟೆ. ಪಟ್ಟಿಯನ್ನು ಬೇರೆ ಚಿಪ್ಪಿಗೆ ಹಾಕಿದರೆ ಮತ್ತೆ ಮಾತಾಡೀತು. ಹೆಡ್ಡು ಒರೆಸಿ, ಒಳ್ಳೆ ಯಂತ್ರದಲ್ಲಿ ಒಮ್ಮೆ ನುಡಿಸಿ ಕಂಪ್ಯೂಟರಿಗೆ ಇಳಿಸಿ, ಮೂರು ಕಡೆ ನಕಲಿಡಿ.

ಆಮೇಲೆ ಒಂದು ಚೀಟಿ ಬರೆದು ಅಂಟಿಸಿ. ಹಾಡಿದವರ ಹೆಸರು, ಊರು, ವರ್ಷ, ದನಿಗೂಡಿಸಿದವರು ಯಾರು, ಡೋಲು ಹಿಡಿದವರು ಯಾರು. ಪೀಪಾಯಿ ತಿರುಗಿಸಿದವರ ಹೆಸರನ್ನು ಕಂಪನಿಗಳು ಉಳಿಸಲಿಲ್ಲ. ಹಾಡಿದವರ ಹೆಸರನ್ನಾದರೂ ನಾವು ಕಳೆಯದಿರೋಣ. ಟೇಪಿಗೆ ದನಿ ಹಿಡಿಯೋದು ಗೊತ್ತು, ಹೆಸರು ಬರೆಯೋದು ಗೊತ್ತಿಲ್ಲ. ನಾಲ್ಕಕ್ಷರ ಕಲಿತ ನಾವು ಆ ಕೆಲಸ ಮಾಡಬೇಕು, ಈ ವರ್ಷವೇ ಮಾಡಬೇಕು.